ಗೋಂದಕ್ಕ ಕತ್ತರಿಸಿದ ಹಾಳೆಗಳು

ಮಕ್ಕಳಿಗೆ ಹೆದರಿಕೆ ಹುಟ್ಟಿಸುವ ಚಿತ್ರ ತೋರಿಸಬೇಡಿ ಎಂದು ಯಾರಾದರೂ ನನ್ನೆದುರು ಉಪದೇಶಕ್ಕೆ ನಿಂತರೆ ನನಗೆ ಮೈ ಉರಿಯುತ್ತದೆ. ಹೇಳುವವರು ಕೆಟ್ಟವರಲ್ಲ, ಅದು ನನಗೂ ಗೊತ್ತು. ಗೋಂದಕ್ಕನೂ ಕೆಟ್ಟವಳಾಗಿರಲಿಲ್ಲ. ಇರುವೆ ಸಾಲು ಕಂಡರೆ ಸುತ್ತುಹಾಕಿಕೊಂಡು ಹೋಗುವ ಹೆಂಗಸು ಅವಳು. ಅವಳ ಕಥೆ ಹೇಳಿಬಿಡುತ್ತೇನೆ, ಆಮೇಲೆ ನಿಮಗೆ ಬೇಕಾದ ಉಪದೇಶ ಮಾಡಿ.

ನಾನು ಗ್ರಂಥಾಲಯದ ಕೌಂಟರಿನಲ್ಲಿ ಕೂತು ಪುಸ್ತಕಕ್ಕೆ ತಾರೀಖಿನ ಠಸ್ಸೆ ಒತ್ತುತ್ತಿದ್ದವಳು. ಮಕ್ಕಳು ಎದುರಿಗೆ ಠಸ್ಸೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಇನ್ನೇನೋ ಎನ್ನುತ್ತಿದ್ದರು. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವಳಿಗೆ ಮರ್ಯಾದೆ ಎಲ್ಲಿಂದ ಸಿಗಬೇಕು? ನನ್ನ ಕುರ್ಚಿಯ ಹಿಂದೆ ಒಂದು ಬಾಗಿಲು, ಬಾಗಿಲಾಚೆ ಗೋಂದಕ್ಕ ಕೆಲಸ ಮಾಡುವ ಬೈಂಡಿಂಗ್ ಕೋಣೆ. ಅದಕ್ಕಿದ್ದ ಒಂದೇ ಕಿಟಕಿ ಪಕ್ಕದ ಕಟ್ಟಡದ ಗೋಡೆಗೆ ತೆರೆಯುತ್ತಿತ್ತು. ಒಂದು ಮೂಲೆಯಲ್ಲಿ ರಟ್ಟಿನ ರಾಶಿ, ಇನ್ನೊಂದು ಮೂಲೆಯಲ್ಲಿ ಪುಸ್ತಕಗಳನ್ನು ಬಿಗಿಯಾಗಿ ಒತ್ತಿಡುವ ಕಬ್ಬಿಣದ ಯಂತ್ರ, ನಡುವೆ ಉದ್ದನೆಯ ಮೇಜು. ಮೇಜಿನ ಮೇಲೆ ದಬ್ಬಣ, ಮೇಣ ಹಚ್ಚಿದ ದಾರ, ಕತ್ತಿ, ಸೊಟ್ಟಗಾದ ಒಂದು ಪಾತ್ರೆಯಲ್ಲಿ ಅಂಟು. ಗೋಂದಕ್ಕ ಎಂದು ಹೆಸರು ಬಿದ್ದಿತ್ತೇ ಹೊರತು ಅವಳು ಗೋಂದು ಮುಟ್ಟುತ್ತಿರಲಿಲ್ಲ. ಮೈದಾ ಹಿಟ್ಟು ಕಾಯಿಸಿ, ಹುಳ ಹತ್ತದಿರಲಿ ಎಂದು ಚಿಟಿಕೆ ಮೈಲುತುತ್ತ ಹಾಕಿ, ತನ್ನ ಅಂಟನ್ನು ತಾನೇ ಮಾಡಿಕೊಳ್ಳುತ್ತಿದ್ದಳು. ಅದು ಅವಳ ಉಗುರಿನಲ್ಲಿ, ಬಟ್ಟೆಯಲ್ಲಿ, ಕಿವಿಯ ಹತ್ತಿರದ ಕೂದಲಿನಲ್ಲಿ ಒಣಗಿ ಕೂತಿರುತ್ತಿತ್ತು. ನನ್ನನ್ನು ಅವಳು ಮೇಡಂ ಎನ್ನುತ್ತಿದ್ದಳು. ನನ್ನ ಮೇಲೆ ಸಿಟ್ಟು ಬಂದಾಗ ಮಾತ್ರ ಅಕ್ಕ.

ಅವಳಿಗೆ ಕೆಲಸ ಕಲಿಸಿದವನು ಒಬ್ಬ ಮುದಿ ಬೈಂಡರ್. ಅವನ ಪಾಠ ಇಷ್ಟೇ: ರಿಪೇರಿಯಾದ ಪುಸ್ತಕ ಕೈಗೆ ಬಂದರೆ ಅದು ಯಾವತ್ತೋ ಹರಿದಿತ್ತು ಎನ್ನುವುದು ಓದುವವನ ಬೆರಳಿಗೂ ಗೊತ್ತಾಗಕೂಡದು. ಗೋಂದಕ್ಕ ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ಒಂದು ಹಾಳೆ ಕಳೆದುಹೋಗಿದ್ದರೆ ಅದರ ಬುಡದಲ್ಲಿ ಉಳಿದ ಪಟ್ಟಿಯನ್ನು ಪಕ್ಕದ ಹಾಳೆಗೆ ಎಷ್ಟು ನಯವಾಗಿ ಅಂಟಿಸುತ್ತಿದ್ದಳೆಂದರೆ, ಅಲ್ಲಿ ಏನೋ ಇತ್ತು ಎಂದು ನೀವು ಆಣೆ ಇಟ್ಟು ಹೇಳಿದರೂ ಯಾರೂ ನಂಬುತ್ತಿರಲಿಲ್ಲ.

ಮಕ್ಕಳ ಚಿತ್ರಪುಸ್ತಕಗಳು ಅವಳ ಮೇಜಿಗೆ ಬರುತ್ತಿದ್ದದ್ದು ಹೆಚ್ಚುಕಡಿಮೆ ಒಂದೇ ಕಾಯಿಲೆ ಹೊತ್ತು. ಹೆದರಿಕೆಯ ಹಾಳೆ. ರಾಕ್ಷಸನ ಕಣ್ಣಿಗೆ ಪೆನ್ಸಿಲಿನಲ್ಲಿ ತಿವಿದು ತೂತು, ತೋಳದ ಮೂತಿಯ ಮೇಲೆ ಕಪ್ಪು ಬಣ್ಣದ ಗೀಚು, ಕೆಲವು ಕಡೆ ಅರ್ಧ ಹಾಳೆಯೇ ಮಾಯ. ಕೆಟ್ಟ ಹಾಳೆ ಇರುವ ಪುಸ್ತಕವನ್ನು ರದ್ದಿಗೆ ಹಾಕಬೇಕೆಂಬುದು ನಮ್ಮಲ್ಲಿನ ನಿಯಮ. ಪುಸ್ತಕ ಉಳಿಯಲಿ ಎಂದು ಗೋಂದಕ್ಕ ಆ ಹಾಳೆಯನ್ನೇ ಕತ್ತರಿಸಿ ಸಂದು ಮುಚ್ಚಿಬಿಡುತ್ತಿದ್ದಳು. ಕತ್ತರಿಸಿದ್ದನ್ನು ಎಸೆಯುತ್ತಿರಲಿಲ್ಲ. ಚಿತ್ರದ ಕಾಗದ ದಪ್ಪ, ಗಟ್ಟಿ. ಅದನ್ನು ಪಟ್ಟಿಪಟ್ಟಿಯಾಗಿ ಸೀಳಿ, ಕಾನೂನು ಪುಸ್ತಕ, ನಿಘಂಟು ಇಂಥ ದಪ್ಪ ಸಂಪುಟಗಳನ್ನು ಹೊಸದಾಗಿ ಕಟ್ಟುವಾಗ ಹೊಲಿಗೆಯ ಮೇಲೆ, ರಟ್ಟಿನ ಒಳಗೆ, ಬೆನ್ನಿಗೆ ಆಸರೆಯಾಗಿ ಅಂಟಿಸುತ್ತಿದ್ದಳು. ಹಾಗಾಗಿ ನಮ್ಮ ರಾಕ್ಷಸರೆಲ್ಲ ವಕೀಲರು ಓದುವ ಪುಸ್ತಕಗಳ ಒಳಗೆ ಸೇರಿಕೊಂಡಿದ್ದರು. ಅವರಿಗೆ ತಕ್ಕ ಜಾಗವೇ ಎಂದು ನಾನು ನಗುತ್ತಿದ್ದೆ.

ಕ್ರಮೇಣ ಮಕ್ಕಳ ಕಪಾಟಿನಲ್ಲಿ ಹೆದರಿಕೆ ಎನ್ನುವುದೇ ಉಳಿಯಲಿಲ್ಲ. ತೋಳ ಬರುತ್ತದೆ ಎನ್ನುವಷ್ಟರಲ್ಲಿ ಕಥೆ ಮುಗಿದಿರುತ್ತಿತ್ತು. ಕತ್ತೆಮರಿಯೊಂದು ಕತ್ತಲೆಯ ಸುರಂಗ ದಾಟುವ ಪುಸ್ತಕ ಮಕ್ಕಳಿಗೆಲ್ಲ ಅಚ್ಚುಮೆಚ್ಚು. ನಮ್ಮ ಪ್ರತಿಯಲ್ಲಿ ಕತ್ತೆಮರಿ ಸುರಂಗದ ಬಾಯಲ್ಲಿ ನಿಂತಿರುತ್ತದೆ, ಹಾಳೆ ತಿರುಗಿಸಿದರೆ ಆಚೆ ಬಿಸಿಲಲ್ಲಿ ಹುಲ್ಲು ಮೇಯುತ್ತಿರುತ್ತದೆ. ಒಮ್ಮೆ ಒಂದು ಮಗು ಕೌಂಟರಿಗೆ ಬಂದು, "ಮೇಡಂ, ಇದು ಆಚೆ ಹೇಗೆ ಹೋಯ್ತು?" ಎಂದು ಕೇಳಿತ್ತು. "ನಡ್ಕೊಂಡು ಹೋಯ್ತು. ನೀನೂ ಹಾಗೇ ನಡಿ, ಹಿಂದೆ ಸಾಲು ನಿಂತಿದೆ" ಎಂದೆ. ತಾಯಂದಿರು ಮಾತ್ರ ಕಪಾಟನ್ನು ಬಾಯ್ತುಂಬ ಹೊಗಳುತ್ತಿದ್ದರು. ಇಲ್ಲಿಯ ಪುಸ್ತಕ ಓದಿದರೆ ಮಕ್ಕಳು ರಾತ್ರಿ ಬೆಚ್ಚಿಬೀಳುವುದಿಲ್ಲವಂತೆ.

ಬರಬರುತ್ತಾ ಗೋಂದಕ್ಕ ಮಕ್ಕಳು ಕೆಡಿಸುವ ತನಕ ಕಾಯುವುದನ್ನೂ ಬಿಟ್ಟಳು. ಹೊಸ ಪುಸ್ತಕಕ್ಕೆ ರಟ್ಟು ಹಾಕುವಾಗಲೇ ಒಂದೆರಡು ಹಾಳೆ ಕಾಣೆಯಾಗುತ್ತಿದ್ದವು. ಅದಕ್ಕೆ ಕಾರಣ ಸಾಸಿವೆ.

ಸಾಸಿವೆ ಅವಳ ಅಕ್ಕನ ಮಗಳು. ಗಾತ್ರದಲ್ಲಿ ಪುಟ್ಟದು, ಮಾತಾಡಿದರೆ ಸಿಡಿಯುವಂಥದ್ದು, ಅದಕ್ಕೇ ಆ ಹೆಸರು. ಅವಳಿನ್ನೂ ಶಾಲೆಗೆ ಸೇರದ ವಯಸ್ಸಿನಲ್ಲಿದ್ದಾಗ ತಾಯಿ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅಪ್ಪ ಎನಿಸಿಕೊಂಡವನು ವರ್ಷ ತುಂಬುವ ಮೊದಲೇ ಬೇರೆ ಸಂಸಾರ ಹೂಡಿ ಇತ್ತ ತಲೆ ಹಾಕಲಿಲ್ಲ. ಗೋಂದಕ್ಕ ಮದುವೆಯ ಮಾತನ್ನೇ ಬದಿಗಿಟ್ಟು ಮಗುವನ್ನು ಮಡಿಲಿಗೆ ಹಾಕಿಕೊಂಡಳು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅವಳು, ಮಗು, ಅವಳ ತಾಯಿ. ಈ ಅಜ್ಜಿಯ ಬಾಯಿಗೆ ನಾವೆಲ್ಲ ಹೆದರುತ್ತಿದ್ದೆವು. ಅಜ್ಜಿ ಹೆದರುತ್ತಿದ್ದದ್ದು ಒಂದಕ್ಕೇ: ಸತ್ತ ಮಗಳ ಮಾತು ಬರುವುದಕ್ಕೆ. ಆ ಮನೆಯಲ್ಲಿ ಸಾವು ಎಂಬ ಪದಕ್ಕೇ ಪ್ರವೇಶವಿರಲಿಲ್ಲ. ಅಮ್ಮ ಎಲ್ಲಿ ಎಂದು ಮಗು ಕೇಳಿದರೆ "ದೂರ ಹೋಗಿದ್ದಾಳೆ" ಎನ್ನುವರು, ಮತ್ತೆ ಕೇಳಿದರೆ ಬಾಯಿಗೆ ಸಿಹಿ ತುರುಕುವರು. ಸಾಸಿವೆ ಕೇಳುವುದನ್ನು ನಿಲ್ಲಿಸಿದಳು. ಶಾಲೆ ಬಿಟ್ಟ ಮೇಲೆ ನೇರ ಬೈಂಡಿಂಗ್ ಕೋಣೆಗೆ ಬಂದು, ರಟ್ಟಿನ ರಾಶಿಯ ಮೇಲೆ ಕಾಲು ಇಳಿಬಿಟ್ಟು ಕೂತು, ಚಿಕ್ಕಮ್ಮ ನಯಮಾಡಿದ ಪುಸ್ತಕಗಳನ್ನು ಓದುವಳು.

ಒಂಬತ್ತನೆಯ ವಯಸ್ಸಿಗೆ ಮೊಣಕಾಲು ನೋವು ಎಂದಳು. ಆಟದಲ್ಲಿ ಬಿದ್ದಿರಬೇಕು ಎಂದು ಅಜ್ಜಿ ಎಣ್ಣೆ ತಿಕ್ಕಿದಳು. ಊತ ಇಳಿಯಲಿಲ್ಲ. ಫೋಟೋ ತೆಗೆಸಿ, ಮೂಳೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಕೊನೆಗೆ ಡಾಕ್ಟರಮ್ಮ ಗೋಂದಕ್ಕನನ್ನು ಒಳಗೆ ಕರೆದು ಕೂರಿಸಿ ಹೇಳಿದರು. ಮೂಳೆಯ ಕ್ಯಾನ್ಸರ್. ಮೊದಲು ಔಷಧಿ ಹನಿಸುವುದು, ಆಮೇಲೆ ಮೊಣಕಾಲಿನ ಮೇಲಿಂದ ಕಾಲು ತೆಗೆಯುವುದು. ಬೇರೆ ದಾರಿ ಇಲ್ಲ, ತಡ ಮಾಡಿದರೆ ಆ ದಾರಿಯೂ ಇಲ್ಲ.

ಮಕ್ಕಳ ವಾರ್ಡಿನಲ್ಲಿ ಕಿಟಕಿ ಪಕ್ಕದ ಮಂಚ ಸಿಕ್ಕಿತು. ಗೋಡೆಗಳಿಗೆ ತಿಳಿಹಸಿರು ಬಣ್ಣ, ಮಂಚದ ಕಂಬಿಗಳ ಬಣ್ಣ ಮಕ್ಕಳು ಹಿಡಿದು ಹಿಡಿದು ಸವೆದಿತ್ತು. ಔಷಧಿ ಇಳಿಯತೊಡಗಿದ ಮೇಲೆ ಸಾಸಿವೆಯ ಕೂದಲು ದಿಂಬಿಗೆ ಅಂಟಿಕೊಂಡು ಬರತೊಡಗಿತು, ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಇದನ್ನೆಲ್ಲ ಅವಳು ಹೇಗೋ ಸಹಿಸಿದಳು. ಸೂಜಿಯನ್ನು ಸಹಿಸಲಿಲ್ಲ. ಸೂಜಿ ಕಂಡ ಕೂಡಲೇ ಕಣ್ಣು ಬಿಗಿಯಾಗಿ ಮುಚ್ಚಿ, ಕಿವಿ ಮುಚ್ಚಿಕೊಂಡು, "ಆಯ್ತಾ? ಆಯ್ತಾ?" ಎನ್ನುವಳು. ಆಗಿರುತ್ತಿರಲಿಲ್ಲ. ಮುಚ್ಚಿದ ಕಣ್ಣಿನ ಒಳಗೇ ನೋವು ಬರುತ್ತಿತ್ತು. ಆಗ ಅವಳಿಗೆ ಯಾರೋ ಮೋಸ ಮಾಡಿದಷ್ಟು ಕೋಪ. ಒಮ್ಮೆ ನರ್ಸಮ್ಮನ ಕೈಯನ್ನು ರಕ್ತ ಬರುವಂತೆ ಕಚ್ಚಿದಳು.

"ಯಾಕಮ್ಮಾ ಹೀಗೆ ಮಾಡ್ತೀಯ?" ಎಂದು ನಾನು ಕೇಳಿದೆ. ವಾರಕ್ಕೊಮ್ಮೆ ನೋಡಿ ಬರಲು ಹೋಗುತ್ತಿದ್ದೆ.

"ಬೇರೆಯವರಿಗೆಲ್ಲ ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಮುಗಿದುಹೋಗತ್ತೆ. ನಂಗೆ ಮಾತ್ರ ಮುಗಿಯಲ್ಲ" ಎಂದಳು. "ನಾನು ಪುಕ್ಕಲಿ ಅಲ್ವಾ ಠಸ್ಸೆ ಮೇಡಂ?"

ಬೇರೆಯವರು ಯಾರು ಎಂದು ನನಗೆ ಹೊಳೆಯಲಿಲ್ಲ. ವಾರ್ಡಿನ ಮಕ್ಕಳಿರಬೇಕು ಎಂದುಕೊಂಡೆ.

ಕಾಲು ತೆಗೆಯುವ ದಿನ ಗೊತ್ತಾಯಿತು. ಕಾಲಿಗೆ ಸಣ್ಣದೊಂದು ರಿಪೇರಿ ಎಂದಷ್ಟೇ ಅವಳಿಗೆ ಹೇಳಬೇಕೆಂದು ಅಜ್ಜಿ ತೀರ್ಮಾನ ಮಾಡಿದ್ದಳು. ಡಾಕ್ಟರಮ್ಮ ಒಪ್ಪಲಿಲ್ಲ, ತಾವೇ ಮಂಚದ ಅಂಚಿನಲ್ಲಿ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮರುದಿನ ಬೆಳಿಗ್ಗೆ ಆಪರೇಷನ್ನಿಗೆ ಒಯ್ಯುವ ಗಾಡಿ ತಳ್ಳಿಕೊಂಡು ಬಂದಾಗ ಸಾಸಿವೆ ಕಂಬಿಯನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಳು. ಬೆರಳು ಬಿಡಿಸಿದರೆ ಹಲ್ಲಿನಿಂದ ಕಚ್ಚಿ ಹಿಡಿದಳು. ಅವಳ ಕಿರುಚಾಟಕ್ಕೆ ವಾರ್ಡಿನ ಮಕ್ಕಳೆಲ್ಲ ಅಳಲು ಶುರುಮಾಡಿದವು. ಕೊನೆಗೆ ಡಾಕ್ಟರಮ್ಮನೇ ಬೇಡ ಎಂದರು. "ಈ ಸ್ಥಿತಿಯಲ್ಲಿ ಒಯ್ದರೆ ಆಮೇಲೆ ಇವಳು ಯಾವ ಚಿಕಿತ್ಸೆಗೂ ಒಗ್ಗಲ್ಲ. ಒಂದು ವಾರ ಕಾಯೋಣ. ಅದಕ್ಕಿಂತ ಹೆಚ್ಚು ನನ್ನ ಕೈಲಿಲ್ಲ. ಅವಳನ್ನು ಒಪ್ಪಿಸಿ." ಗೋಂದಕ್ಕ ತಲೆಯಾಡಿಸಿದಳು. ಹೇಗೆ ಒಪ್ಪಿಸುವುದೆಂದು ಅವಳಿಗೆ ಗೊತ್ತಿದ್ದರೆ ತಾನೆ.

ವಾರ್ಡಿನ ಮೂಲೆಯಲ್ಲಿ ಯಾರೋ ದಾನ ಕೊಟ್ಟ ಚಿತ್ರಪುಸ್ತಕಗಳ ಒಂದು ಪೆಟ್ಟಿಗೆ ಇತ್ತು. ಕಿರುಚಿ ಸುಸ್ತಾಗಿ ಮಲಗಿದ್ದವಳನ್ನು ಸಮಾಧಾನ ಮಾಡಲು ಮಾರನೆಯ ಮಧ್ಯಾಹ್ನ ನಾನು ಅದರಿಂದ ಕತ್ತೆಮರಿಯ ಪುಸ್ತಕ ತಂದುಕೊಟ್ಟೆ. ನೂರು ಸಲ ಓದಿದ್ದ ಪುಸ್ತಕ, ಬೇಡದ ಮನಸ್ಸಿನಿಂದ ತಿರುವಿದಳು. ಸುರಂಗದ ಬಾಯಿಗೆ ಬಂದಳು. ಹಾಳೆ ತಿರುಗಿಸಿದಳು. ಕೈ ನಿಂತಿತು.

ಎರಡು ಪುಟ ತುಂಬ ಕತ್ತಲೆ. ಕತ್ತಲೆಯ ತುಂಬ ಹಳದಿ ಕಣ್ಣುಗಳು. ನಡುವೆ ಕತ್ತೆಮರಿ, ಕಿವಿ ಜೋತುಬಿದ್ದು, ಮಂಡಿ ಒಂದಕ್ಕೊಂದು ತಾಗಿ, ಕಾಲ ಕೆಳಗೆ ಉಚ್ಚೆಯ ಮಡು. ಕೆಳಗೆ ಎರಡೇ ಸಾಲು: ಕತ್ತೆಮರಿ ನಡುಗಿತು. ನಡುಗುತ್ತಲೇ ನಡೆಯಿತು.

ಸಾಸಿವೆ ಆ ಹಾಳೆಯನ್ನು ಎಷ್ಟು ಹೊತ್ತು ನೋಡಿದಳೋ. ಹೆದರಿ ಅಳುತ್ತಾಳೆಂದು ನಾನು ಪುಸ್ತಕ ಕಸಿಯಲು ಕೈಚಾಚಿದೆ, ಕೊಡಲಿಲ್ಲ.

"ಚಿಕ್ಕಿ," ಎಂದಳು, "ಇದಕ್ಕೂ ಹೆದರಿಕೆ ಆಗಿತ್ತಾ?"

ಮಂಚದ ಆಚೆ ಬದಿಯಲ್ಲಿ ನಿಂತಿದ್ದ ಗೋಂದಕ್ಕ ಬಗ್ಗಿ ಹಾಳೆ ನೋಡಿದಳು.

"ಉಚ್ಚೆ ಮಾಡ್ಕೊಂಡಿದೆ ನೋಡು. ನಮ್ಮ ಲೈಬ್ರರಿ ಪುಸ್ತಕದಲ್ಲಿ ಇದು ಇರ್ಲೇ ಇಲ್ಲ. ಎಲ್ಲಿ ಹೋಗಿತ್ತು?"

ಸುಳ್ಳು ಹೇಳಬಹುದಿತ್ತು. ಬೇರೆ ಪ್ರತಿ, ಬೇರೆ ಮುದ್ರಣ ಎಂದರೆ ಮಗು ನಂಬುತ್ತಿತ್ತು. ನಾನಾಗಿದ್ದರೆ ಹಾಗೇ ಅನ್ನುತ್ತಿದ್ದೆ. ಗೋಂದಕ್ಕ ಸ್ಟೂಲಿನ ಮೇಲೆ ಕೂತು, "ನಾನೇ ಕತ್ತರಿಸಿದೆ ಕಣೇ. ನೀನು ಹೆದರ್ತೀಯ ಅಂತ" ಎಂದಳು.

"ಎಲ್ಲಾ ಪುಸ್ತಕದ್ದೂ?"

"ಸುಮಾರು ಪುಸ್ತಕದ್ದು."

ಆಗ ನನಗೆ ಅರ್ಥವಾಯಿತು, ಆ "ಬೇರೆಯವರು" ಯಾರೆಂದು. ಈ ಮಗುವಿಗೆ ಗೊತ್ತಿದ್ದ ಕತ್ತೆಮರಿ, ಬಾತುಕೋಳಿ, ಕಾಡಿಗೆ ಹೋದ ಅಣ್ಣತಂಗಿ ಯಾರೂ ಯಾವತ್ತೂ ಹೆದರಿರಲಿಲ್ಲ. ಬಾಗಿಲಲ್ಲಿ ನಿಲ್ಲುತ್ತಿದ್ದರು, ಹಾಳೆ ತಿರುಗುತ್ತಿತ್ತು, ಆಚೆ ಬಂದಿರುತ್ತಿದ್ದರು. ಲೋಕದಲ್ಲೆಲ್ಲ ಹೆದರುವವಳು ತಾನೊಬ್ಬಳೇ ಎಂದುಕೊಂಡು ಅವಳು ಈ ಮಂಚದ ಮೇಲೆ ಮಲಗಿದ್ದಳು.

ಸಾಸಿವೆ ಪುಸ್ತಕ ಮುಚ್ಚಲಿಲ್ಲ. ಬೆರಳು ಆ ಹಾಳೆಯಲ್ಲೇ ಇಟ್ಟುಕೊಂಡು ಕೇಳಿದಳು, "ಅಮ್ಮಂದೂ ಹೀಗೇ ಕತ್ತರಿಸಿದ್ದೀಯಾ?"

ಅಜ್ಜಿ ಅಲ್ಲೇ ಫ್ಲಾಸ್ಕ್ ತೊಳೆದು ತಂದು ನಿಂತಿದ್ದಳು. "ಮಗೂ, ಮಲಗು, ಅದೆಲ್ಲ ಈಗ್ಯಾಕೆ" ಎಂದು ಬಾಯಿ ಹಾಕಿದಳು. ಗೋಂದಕ್ಕ ಮೊದಲ ಸಲ ತಾಯಿಯ ಮಾತಿಗೆ ಅಡ್ಡ ಬಂದಳು. "ಸುಮ್ನಿರಮ್ಮ."

ಆಮೇಲೆ ಹೇಳಿದಳು. ಅಮ್ಮನಿಗೆ ಜ್ವರ ತಲೆಗೇರಿತ್ತು. ಇದೇ ಆಸ್ಪತ್ರೆ, ಕೆಳಗಿನ ಮಹಡಿ. ಬಹಳ ನೋವಿತ್ತು. ಕೊನೆಯ ದಿನ ಎಚ್ಚರವಿತ್ತು.

"ನನ್ನ ಕೇಳಿದ್ಲಾ?"

"ಕೇಳಿದ್ಲು. ಕರ್ಕೊಂಡು ಬನ್ನಿ ಅಂದ್ಲು."

"ಯಾಕೆ ಕರ್ಕೊಂಡು ಹೋಗ್ಲಿಲ್ಲ?"

"ನೀನು ಹೆದರ್ತೀಯ ಅಂತ."

"ಅಮ್ಮಂಗೆ ಹೆದರಿಕೆ ಆಗಿರ್ಲಿಲ್ವಾ?"

ಅಜ್ಜಿ ಫ್ಲಾಸ್ಕನ್ನು ಎದೆಗವಚಿಕೊಂಡು ಹೊರಗೆ ಹೋಗಿಬಿಟ್ಟಳು. ಮಗಳು ಸಾಯುವ ದಿನವೂ ಅವಳು ಹೀಗೇ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಿದ್ದಳಂತೆ. ಗೋಂದಕ್ಕ ಇದನ್ನು ನನಗೆ ಹೇಳಿದ್ದು ಬಹಳ ಕಾಲದ ಮೇಲೆ.

"ಉಳಿದ ಹಾಳೆಗಳೂ ನಂಗೆ ಬೇಕು" ಎಂದಳು ಸಾಸಿವೆ. ಬೇಡಿಕೆಯಲ್ಲ, ಅಪ್ಪಣೆ.

ಅಂದಿನಿಂದ ಬೈಂಡಿಂಗ್ ಕೋಣೆಯಲ್ಲಿ ನಡೆದದ್ದೇನೆಂದು ಗ್ರಂಥಾಲಯದ ಮುಖ್ಯಸ್ಥರಾದ ನಮ್ಮ ಸಾಹೇಬರಿಗೆ ಗೊತ್ತಾಗಿದ್ದರೆ ಇಬ್ಬರನ್ನೂ ಮನೆಗೆ ಕಳಿಸುತ್ತಿದ್ದರು. ಯಾವ ಹಾಳೆ ಯಾವ ಸಂಪುಟದ ಬೆನ್ನಿಗೆ ಹೋಗಿದೆ ಎಂದು ಗೋಂದಕ್ಕನಿಗೆ ಅರೆಬರೆ ನೆನಪು. ತೋಳದ ಕಾಲಕ್ಕೆ ನಿಘಂಟುಗಳನ್ನು ಕಟ್ಟುತ್ತಿದ್ದೆ, ರಾಕ್ಷಸನ ಕಾಲಕ್ಕೆ ಕಾನೂನು ಪುಸ್ತಕಗಳು ಬಂದಿದ್ದವು ಎಂದು ಅಂದಾಜು ಹಾಕುವಳು. ನಾನು ಕಪಾಟಿನಿಂದ ಹೊತ್ತು ತರುವೆ. ಅವಳು ಬೆನ್ನಿನ ಬಟ್ಟೆಯನ್ನು ಸೀಳಿ, ಒದ್ದೆ ಬಟ್ಟೆ ಹೊದಿಸಿ, ಅಂಟು ನೆನೆಯುವ ತನಕ ಕಾದು, ಗಾಯದ ಮೇಲಿನ ಹಕ್ಕಳೆ ಕೀಳುವಷ್ಟು ನಿಧಾನವಾಗಿ ಪಟ್ಟಿಯನ್ನು ಎಬ್ಬಿಸುವಳು. ತನ್ನ ಕೈಯಾರೆ ಕಟ್ಟಿದ್ದನ್ನು ತಾನೇ ಬಿಚ್ಚುವಾಗ ಅವಳ ಕಣ್ಣಲ್ಲಿ ನೀರು ನಿಲ್ಲುತ್ತಿರಲಿಲ್ಲ. ಒಂದು ದಿನ ಸಾಹೇಬರು ಬಂದು ಬೆನ್ನು ಬಿಚ್ಚಿದ ಸಂಪುಟಗಳ ಸಾಲು ನೋಡಿ ಹೌಹಾರಿದರು. "ಒಳಗೆ ಹುಳ ಹತ್ತಿದೆ ಸಾರ್, ಹತ್ತಿರ ಬರಬೇಡಿ, ಬಟ್ಟೆಗೆ ಹತ್ತುತ್ತೆ" ಎಂದೆ. ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ, ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ವಾಪಸಾದರು.

ಸಿಕ್ಕ ಪಟ್ಟಿಗಳನ್ನು ಗೋಂದಕ್ಕ ಆಸ್ಪತ್ರೆಗೆ ಒಯ್ಯುವಳು. ಸಾಸಿವೆ ಊಟದ ಹಲಗೆಯ ಮೇಲೆ, ಸೂಜಿ ಚುಚ್ಚದ ಕೈಯಿಂದ, ಅವನ್ನು ಜೋಡಿಸುವಳು. ರಾಕ್ಷಸನ ಹಲ್ಲಿನ ಪಟ್ಟಿ, ಕಣ್ಣಿನ ಪಟ್ಟಿ, ಮುದುಡಿ ಕೂತ ಹುಡುಗಿಯ ಪಟ್ಟಿ. ಕೆಲವು ಸಿಗಲೇ ಇಲ್ಲ. ರಾಕ್ಷಸನಿಗೆ ಹಣೆ ಇಲ್ಲ, ತೋಳಕ್ಕೆ ಮುಂಗಾಲಿಲ್ಲ. ಪಕ್ಕದ ಮಂಚದ ಮಕ್ಕಳು ಬಂದು ಸುತ್ತ ನಿಂತು, ಆ ಹಲ್ಲು ಇಲ್ಲಿಡು, ಈ ಉಗುರು ಅಲ್ಲಿಡು ಎಂದು ಗಲಾಟೆ ಮಾಡುವವು. ನಾನು ಕಣ್ಣಾರೆ ಕಂಡೆ, ಸಾಸಿವೆ ರಾಕ್ಷಸನನ್ನು ಅಷ್ಟಾಗಿ ನೋಡುತ್ತಿರಲಿಲ್ಲ. ಅವಳು ಹುಡುಕುತ್ತಿದ್ದದ್ದು ಆ ಹುಡುಗಿಯ ಮುಖವನ್ನು. ಬಿಳುಚಿಕೊಂಡಿದೆಯಾ, ಬಾಯಿ ತೆರೆದಿದೆಯಾ, ಅಳುತ್ತಿದ್ದಾಳಾ. ಅಳುತ್ತಿದ್ದರೆ, "ನೋಡು, ಇವಳೂ" ಎನ್ನುವಳು. ತನ್ನವರು ಸಿಕ್ಕಿದಷ್ಟು ಸಂತೋಷ.

ವಾರ ಮುಗಿಯುವ ಮೊದಲೇ ಸೂಜಿಗೆ ಕಣ್ಣು ಮುಚ್ಚುವುದನ್ನು ಬಿಟ್ಟಳು. ಕೈ ಗಡಗಡ ನಡುಗುತ್ತಿತ್ತು, ಬಾಯಲ್ಲಿ ಬೈಗುಳ, ಆದರೆ ಕಣ್ಣು ಸೂಜಿಯ ಮೇಲೆ. ನರ್ಸಮ್ಮನಿಗೆ, "ಕಚ್ಚಿದ್ದು ತಪ್ಪಾಯ್ತು. ಆದ್ರೆ ನೀವು ಮೆತ್ತಗೆ ಚುಚ್ಚೋದು ಕಲೀರಿ" ಎಂದಳು. ಗಾಡಿ ಮತ್ತೆ ಬಂದಾಗ ಅವಳ ಹಾಸಿಗೆ ಒದ್ದೆಯಾಗಿತ್ತು. ಅದನ್ನು ಮುಚ್ಚಿಡಲಿಲ್ಲ. "ಹೆದರಿ ಹೀಗಾಗಿದೆ, ಬಟ್ಟೆ ಬದಲಾಯಿಸಿ, ಹೋಗೋಣ" ಎಂದಳು. ತಾನಾಗಿಯೇ ಗಾಡಿಗೆ ಹತ್ತಿ ಮಲಗಿದಳು. ಆಪರೇಷನ್ ಕೋಣೆಯ ಬಾಗಿಲಿನ ತನಕ ಚಿಕ್ಕಮ್ಮನ ಕೈ ಹಿಡಿದಿದ್ದಳು, ಅಲ್ಲಿಂದ ಡಾಕ್ಟರಮ್ಮನ ಕೈ.

ಕಾಲು ಹೋಯಿತು. ಕೂದಲು ಮತ್ತೆ ಬಂತು, ಮೊದಲಿಗಿಂತ ಗುಂಗುರಾಗಿ. ಊರುಗೋಲು ಕಂಕುಳಿಗೆ ಕೊಟ್ಟುಕೊಂಡು ಬೈಂಡಿಂಗ್ ಕೋಣೆಗೆ ಬರತೊಡಗಿದಳು. ರಟ್ಟಿನ ರಾಶಿ ಹತ್ತಲು ಆಗುತ್ತಿರಲಿಲ್ಲ, ಎತ್ತಿ ಕೂರಿಸಿದರೆ ನನಗೆ ಬೈಯುತ್ತಿದ್ದಳು. ಜೋಡಿಸಿದ ಹಾಳೆಗಳನ್ನು ಚಿಕ್ಕಮ್ಮನ ಜೊತೆ ಸೇರಿ ಅವುಗಳ ಪುಸ್ತಕಕ್ಕೆ ಮರಳಿ ಹೊಲಿದಳು. ಹಣೆಯಿಲ್ಲದ ರಾಕ್ಷಸ ಹಾಗೇ ಕಪಾಟಿಗೆ ಹೋದ. ಸಂದು ಕಾಣುತ್ತಿತ್ತು, ಬೆರಳಿಗೂ ತಾಗುತ್ತಿತ್ತು. ಇರಲಿ ಬಿಡು ಎಂದಳು ಗೋಂದಕ್ಕ. ತಾಯಂದಿರಲ್ಲಿ ಕೆಲವರು ನನ್ನ ಹತ್ತಿರ ಜಗಳಕ್ಕೆ ಬಂದರು. ನಾನೂ ಸುಮ್ಮನಿರಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ನನಗೂ ಹೇಳಲು ಸುಲಭವಿತ್ತು. ವರ್ಷ ಕಳೆಯುವಷ್ಟರಲ್ಲಿ ಕೆಮ್ಮು ಶುರುವಾಯಿತು. ಕಾಯಿಲೆ ಶ್ವಾಸಕೋಶಕ್ಕೆ ಇಳಿದಿತ್ತು, ಎರಡೂ ಕಡೆ. ಡಾಕ್ಟರಮ್ಮ ಫೋಟೋ ತೋರಿಸಿ, ಇನ್ನು ನೋವು ಕಡಿಮೆ ಮಾಡುವುದಷ್ಟೇ ನಮ್ಮ ಕೆಲಸ ಎಂದರು.

ಅಜ್ಜಿ ಅಂದೇ ಗೋಂದಕ್ಕನ ಮುಂದೆ ಕೈಮುಗಿದು ನಿಂತಳಂತೆ. "ಇದೊಂದು ಹೇಳ್ಬೇಡ. ಇರೋಷ್ಟು ದಿನ ನಕ್ಕೊಂಡಿರಲಿ ಮಗು. ಬೇಕಾದ್ರೆ ನಿನ್ನ ಕಾಲು ಹಿಡೀತೀನಿ." ಗೋಂದಕ್ಕ ನನ್ನ ಹತ್ತಿರ ಬಂದು ಕೂತಳು. ನಾನೂ ಅಜ್ಜಿಯ ಪಕ್ಷವೇ. ಕಾಲಿನ ಮಾತು ಬೇರೆ, ಅಲ್ಲಿ ಆಚೆಗೊಂದು ದಡವಿತ್ತು. ಹತ್ತು ವರ್ಷದ ಮಗುವಿಗೆ ನೀನು ಸಾಯುತ್ತೀಯ ಎಂದು ಯಾವ ಬಾಯಲ್ಲಿ ಹೇಳುವುದು? "ನಿಂಗೇನು ಹುಚ್ಚಾ?" ಎಂದೆ.

"ಅವಳಿಗೆ ಗೊತ್ತಾಗಿದೆ ಅಕ್ಕ" ಎಂದಳು. ಅಕ್ಕ ಎಂದದ್ದಕ್ಕೇ ಅವಳ ಸಿಟ್ಟು ನನಗೆ ತಿಳಿಯಿತು. "ನಾವು ಮಾತಾಡ್ತಾ ಮಾತಾಡ್ತಾ ನಿಲ್ಲಿಸಿದ್ರೆ ಮುಖ ನೋಡ್ತಾಳೆ. ಏನೂ ಕೇಳಲ್ಲ. ನಮಗೆ ಹೆದರಿಕೆ ಆಗತ್ತೆ ಅಂತ ಕೇಳಲ್ಲ. ಆ ಮಗು ಒಂಟಿಯಾಗಿ ಅಲ್ಲಿ ನಿಂತಿದೆ, ನಾವು ಮೂರು ಜನ ಇಲ್ಲಿ ನಿಂತು ನಗ್ತಾ ಇದ್ದೀವಿ."

ಮರುದಿನ ಬೈಂಡಿಂಗ್ ಕೋಣೆಯಲ್ಲೇ ಹೇಳಿದಳು. ಬಾಗಿಲು ತೆರೆದೇ ಇತ್ತು, ನಾನು ಠಸ್ಸೆ ಕೈಯಲ್ಲಿ ಹಿಡಿದು ಗೋಡೆಯ ಹಾಗೆ ಕೂತಿದ್ದೆ. ಸಾಸಿವೆ ದಾರಕ್ಕೆ ಮೇಣ ಹಚ್ಚುತ್ತಿದ್ದಳು. ಔಷಧಿ ಇನ್ನು ಕೆಲಸ ಮಾಡುವುದಿಲ್ಲ ಎಂದಳು ಗೋಂದಕ್ಕ. ಆ ಪದವನ್ನೂ ಆಡಿದಳು, ಅವರ ಮನೆಯಲ್ಲಿ ಜಾಗವಿಲ್ಲದ ಪದವನ್ನು.

ಮೇಣ ಹಚ್ಚುವ ಕೈ ನಿಲ್ಲಲಿಲ್ಲ. "ನೋವಾಗತ್ತಾ?"

"ಆಗತ್ತೆ. ಕಡಿಮೆ ಮಾಡೋಕೆ ಔಷಧಿ ಇದೆ. ಪೂರ್ತಿ ಹೋಗಲ್ಲ ಅಂದ್ರು."

"ನೀನು ಇರ್ತೀಯಾ?"

"ಇರ್ತೀನಿ."

"ಅಜ್ಜಿ ಥರ ಹೊರಗೆ ಹೋಗಿ ಕೂರಲ್ಲ?"

"ಹೋಗಲ್ಲ."

ಆಗ ಅತ್ತಳು. ಇಬ್ಬರೂ ಅತ್ತರು. ಬಹಳ ಹೊತ್ತು, ಜೋರಾಗಿ, ಮುಚ್ಚುಮರೆಯಿಲ್ಲದೆ. ಓದುವ ಕೋಣೆಯ ಜನ ತಲೆಯೆತ್ತಿ ನೋಡಿದರು. ಸದ್ದು ಮಾಡಬೇಡಿ ಎಂಬ ಫಲಕದ ಕೆಳಗೆ ಕೂತಿದ್ದ ನಾನು ಯಾರಿಗೂ ಏನೂ ಹೇಳಲಿಲ್ಲ.

ಕೊನೆಯ ದಿನ ಅವಳನ್ನು ವಾರ್ಡಿನ ಪಕ್ಕದ ಸಣ್ಣ ಕೋಣೆಗೆ ಹಾಕಿದ್ದರು. ಮಧ್ಯಾಹ್ನದ ಬಿಸಿಲು ಕಾರಿಡಾರಿನ ನೆಲದ ಮೇಲೆ ಬಿದ್ದಿತ್ತು. ಅಜ್ಜಿ ಹೊರಗಿನ ಬೆಂಚಿನಲ್ಲಿ ಮುದುಡಿಕೊಂಡು ಕೂತಿದ್ದಳು, ನಾನು ಪಕ್ಕದಲ್ಲಿ. ಒಳಗಿನಿಂದ ಉಸಿರೆಳೆಯುವ ಸದ್ದು ಬಾಗಿಲು ದಾಟಿ ಕೇಳುತ್ತಿತ್ತು. ಊರನ್ನೆಲ್ಲ ಬಾಯಲ್ಲೇ ಹೆದರಿಸಿದ ಮುದುಕಿ ಎರಡೂ ಕಿವಿ ಮುಚ್ಚಿಕೊಂಡಿದ್ದಳು.

ಗೋಂದಕ್ಕ ಬಾಗಿಲು ಸರಿಸಿ ತಲೆ ಹಾಕಿದಳು. "ಅಮ್ಮಾ, ಸಾಸಿವೆ ನಿನ್ನ ಕರೀತಿದ್ದಾಳೆ."

"ನನ್ನ ಕೈಲಾಗಲ್ಲ ಕಣೇ. ನಾನು ನೋಡ್ಲಾರೆ. ನೀನಿದ್ದೀಯಲ್ಲ."

ಒಳಗಿನಿಂದ ಎಳೆ ದನಿ ಬಂತು. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳುತ್ತಿತ್ತು. "ಹೆದರಿಕೆ ಆಗ್ತಿದ್ರೂ ಪರವಾಗಿಲ್ಲ ಅಂತ ಹೇಳು ಚಿಕ್ಕಿ. ಅಜ್ಜಿ ಬಂದು ನನ್ನ ಕೈ ಹಿಡ್ಕೊಳ್ಲಿ. ನಾನಿದ್ದೀನಲ್ಲ."

ಅಜ್ಜಿ ಕಿವಿಯಿಂದ ಕೈ ತೆಗೆದಳು. ಬೆಂಚಿನ ಕೈ ಹಿಡಿದು ಎದ್ದಳು, ಮತ್ತೆ ಕೂತಳು, ಮತ್ತೆ ಎದ್ದಳು. ನಾನು ರಟ್ಟೆ ಹಿಡಿಯಲು ಹೋದರೆ ಕೊಡವಿಕೊಂಡಳು. ಗೋಡೆ ಸವರಿಕೊಂಡು ಒಳಗೆ ಹೋಗಿ ಮಂಚದ ಪಕ್ಕ ಕೂತು, ಆ ಪುಟ್ಟ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು. ಮುಖ ತಿರುಗಿಸಲಿಲ್ಲ. ಸಂಜೆಯ ಹೊತ್ತಿಗೆ ಉಸಿರಿನ ಸದ್ದು ನಿಂತಿತು. ಡಾಕ್ಟರಮ್ಮ ಬಂದು ನೋಡಿ ಹೋದರು, ನರ್ಸಮ್ಮ ಹೊದಿಕೆ ಸರಿಮಾಡಿದಳು, ಗೋಂದಕ್ಕ ಮಗುವಿನ ಕಣ್ಣು ಮುಚ್ಚಿದಳು. ಅಜ್ಜಿ ಮಾತ್ರ ಹಿಡಿದ ಕೈ ಬಿಡಲಿಲ್ಲ. ಕೊನೆಗೆ ನಾನೇ ಒಳ ಹೋಗಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.